ಇದ್ದಿಲಿನ ಸಾಕ್ಷ್ಯ: ಈಶಾನ್ಯ ಆಸ್ಟ್ರೇಲಿಯದ ಮಳೆಗಾಡಿನ ಮೂಲನಿವಾಸಿಗಳೂ ಅವರ ಉರುವಲೂ

೧

ಚರಿತ್ರಕಾರನಿಗೆ ಶಾಸನ, ತಾಳೆಗರಿ, ನಾಣ್ಯ, ಕಟ್ಟಡ ಇವು ಮುಖ್ಯವಾದ ಆಧಾರಗಳು. ಇವು ದೊರೆಯದ ಕಡೆಯಲ್ಲಿ ಮಡಕೆಯ ಚೂರುಗಳನ್ನೂ ಕಲ್ಲಿನ ಆಯುಧಗಳನ್ನೂ ಆಶ್ರಯಿಸಬೇಕಾಗುವುದು. ಆದರೆ ಬರಹವನ್ನು ಬಳಸದೆ, ಮಣ್ಣಿನ ಪಾತ್ರೆಗಳನ್ನು ಮಾಡದೆ, ಬಾಳಿಗೆ ಬೇಕಾದುದರಲ್ಲಿ ಬಹುಭಾಗವನ್ನು ಮರ, ನಾರು, ಎಲೆ, ತೊಗಟೆಗಳಿಂದಲೇ ಒದಗಿಸಿಕೊಂಡು, ದಟ್ಟವಾದ ಮಳೆಗಾಡಿನಲ್ಲಿ ತಲೆತಲಾಂತರದಿಂದ ಬಾಳಿದ ಜನರ ಚರಿತ್ರೆಗೆ ಆಧಾರವೇನು? ಅವರು ಹೆಣೆದ ಬುಟ್ಟಿ ಕೆಲವೇ ವರ್ಷಗಳಲ್ಲಿ ಕೊಳೆತುಹೋಗುವುದು. ಅವರ ಗುಡಿಸಲು ಒಂದೆರಡು ಮಳೆಗಾಲಗಳಲ್ಲಿ ನೆಲಕ್ಕೊರಗುವುದು. ಅವರು ತಿಂದು ಬಿಸುಟ ಎಲುಬುಗಳನ್ನು ಕೂಡ ಅಲ್ಲಿನ ಆಮ್ಲಗುಣದ ಮಣ್ಣು ಕರಗಿಸಿಬಿಡುವುದು. ಹೀಗೆ ಎಲ್ಲವೂ ಅಳಿದ ಮೇಲೆ ನೆಲದಲ್ಲಿ ಉಳಿಯುವುದು ಮುಖ್ಯವಾಗಿ ಎರಡೇ ವಸ್ತು: ಒಂದು ಕಲ್ಲು, ಇನ್ನೊಂದು ಇದ್ದಿಲು.

ಕಲ್ಲಿನ ವಿಷಯವಾಗಿ ವಿದ್ವಾಂಸರು ಬಹುಕಾಲದಿಂದ ವಿಚಾರಮಾಡಿರುವರು. ಇದ್ದಿಲಾದರೋ ಬಹುಮಟ್ಟಿಗೆ ಕಾಲನಿರ್ಣಯದ ಸಾಧನವೆಂದೇ ಎಣಿಸಲ್ಪಟ್ಟಿತು. ಈ ಕರಿಯ ತುಣುಕುಗಳು ಯಾವ ಮರದವು, ಅವನ್ನು ಯಾರು ಯಾವ ಕೆಲಸಕ್ಕಾಗಿ ಆಯ್ದು ತಂದರು ಎಂದು ಕೇಳಿದವರು ವಿರಳ. ಈಶಾನ್ಯ ಆಸ್ಟ್ರೇಲಿಯದ ಮಳೆಗಾಡಿನ ಮೂಲನಿವಾಸಿಗಳ ಚರಿತ್ರೆಗೆ ಈ ಪ್ರಶ್ನೆ ಎಷ್ಟುಮಟ್ಟಿಗೆ ಸಹಾಯಕವಾಗಬಲ್ಲುದು, ಅದರಿಂದ ಯಾವ ತಪ್ಪು ತಿಳಿವಳಿಕೆ ನೀಗಬಲ್ಲುದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ನಾಡಿನ ಪರಿಚಯವನ್ನು ಮಾಡಿಕೊಳ್ಳುವುದು ಯುಕ್ತ. ಆಸ್ಟ್ರೇಲಿಯ ಖಂಡದ ಬಹುಭಾಗ ಒಣನೆಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಕ್ವೀನ್ಸ್‌ಲೆಂಡ್ ಪ್ರಾಂತದ ಈಶಾನ್ಯ ಕರಾವಳಿಯಲ್ಲಿ, ಉತ್ತರದ ಕುಕ್‌ಟೌನಿನ ಕಡೆಯಿಂದ ದಕ್ಷಿಣದ ಟೌನ್ಸ್‌ವಿಲ್ಲಿನ ಕಡೆಯವರೆಗೆ, ಸಮುದ್ರಕ್ಕೆ ಹತ್ತಿರವಾಗಿ ಬೆಟ್ಟಗಳ ಸಾಲೊಂದು ಹಬ್ಬಿದೆ. ಕಡಲ ಮೇಲಿನಿಂದ ಬರುವ ನೀರ್ಗಾಳಿ ಈ ಬೆಟ್ಟಗಳಿಗೆ ತಗಲಿ ಅಪಾರವಾಗಿ ಮಳೆಗರೆಯುವುದು. ಬೆಲೆಂಡನ್ ಕೆರ್ ಎಂಬ ಶಿಖರದಲ್ಲಿ ವರ್ಷಕ್ಕೆ ಸರಾಸರಿ ೮೦೦೦ ಮಿಲಿಮೀಟರಿನಷ್ಟು ಮಳೆ ಬೀಳುವುದು. ಈ ಮಳೆಯಿಂದ ಬೆಳೆದುನಿಂತ ಕಾಡಿನಲ್ಲಿ ೩೦೦೦ಕ್ಕೂ ಹೆಚ್ಚು ಜಾತಿಯ ಸಸ್ಯಗಳನ್ನು ಶಾಸ್ತ್ರಜ್ಞರು ಗುರುತಿಸಿರುವರು. ಸುಮಾರು ೯೦೦೦ ಚದರ ಕಿಲೋಮೀಟರ್ ವಿಸ್ತಾರವುಳ್ಳ ಈ ಪ್ರದೇಶವು ಕ್ರಿ. ಶ. ೧೯೮೮ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಈ ಕಾಡು ಜನರಿಲ್ಲದ ಕಾಡಲ್ಲ. ಜಿರ್ಬಲ್, ಗಿರಮಯ್, ಮಾಮು, ಙಜನ್, ಯಿಡಿಂಜಿ, ಜಬುಗಯ್, ಕುಕು ಯಲಂಜಿ ಮೊದಲಾದ ಸುಮಾರು ಇಪ್ಪತ್ತು ಪಂಗಡಗಳಿಗೆ ಇದು ತವರು. ಬೆತ್ತದ ಬಳ್ಳಿಗಳನ್ನು ಬಾಗಿಸಿ, ಮೇಲೆ ಎಲೆ ತೊಗಟೆಗಳನ್ನು ಹೊದಿಸಿದ ಗುಮ್ಮಟಾಕಾರದ ಗುಡಿಸಲುಗಳಲ್ಲಿ ಹಿಂದೆ ಇವರ ವಾಸವಿದ್ದಿತು. ಎರಡು ಕೊಂಬುಗಳಂತೆ ಬುಡ ಚಾಚಿದ ಬೆತ್ತದ ಬುಟ್ಟಿ, ಅತ್ತಿಯ ಕುಲದ ಮರದ ಹಲಗೆಬೇರಿನಿಂದ ಕೆತ್ತಿ ಬಣ್ಣದ ಚಿತ್ರ ಬರೆದ ದೊಡ್ಡ ಗುರಾಣಿ, ಒಂದೇ ಕೈಯಿಂದ ಹಿಡಿಯುವ ಉದ್ದನೆಯ ಮರದ ಖಡ್ಗ, ತೊಗಟೆಯನ್ನು ಬಡಿದು ಮಾಡಿದ ಹೊದಿಕೆ ಇವು ಆಸ್ಟ್ರೇಲಿಯದ ಇತರ ಭಾಗಗಳ ಜನರಿಂದ ಇವರನ್ನು ಬೇರ್ಪಡಿಸಿ ತೋರಿಸುತ್ತವೆ.

ಇವರ ಆಹಾರದಲ್ಲಿ ಗಮನಾರ್ಹವಾದುದು ವಿಷಯುಕ್ತವಾದ ಬೀಜಗಳ ಬಳಕೆ. ಹಳದಿ ವಾಲ್‌ನಟ್, ಕರಿ ವಾಲ್‌ನಟ್ ಎಂದು ವಲಸೆಗಾರರಿಂದ ಹೆಸರು ಪಡೆದ, ನಿಜವಾಗಿ ದಾಲ್ಚಿನ್ನಿಯ ಕುಟುಂಬಕ್ಕೆ ಸೇರಿದ ಎರಡು ಮರಗಳ ಬೀಜಗಳು, ‘ಬ್ಲ್ಯಾಕ್ ಬೀನ್’ ಎಂಬ ದ್ವಿದಳ ಕುಟುಂಬದ ಮರದ ಕಾಳು, ಸೈಕಸ್ ಜಾತಿಯ ಬೀಜ ಇವುಗಳಲ್ಲಿ ಕೆಲವು ಹಸಿಯಾಗಿ ತಿಂದರೆ ಪ್ರಾಣಕ್ಕೇ ಅಪಾಯಕರ, ಕೆಲವು ತಿನ್ನಲಾಗದಷ್ಟು ಕಹಿ. ಇವನ್ನು ಸುಟ್ಟು ಅಥವಾ ಬೇಯಿಸಿ, ಸಿಪ್ಪೆಯೊಡೆದು, ಬಸವನಹುಳುವಿನ ಚಿಪ್ಪಿನಿಂದ ತೆಳ್ಳಗೆ ಹೆರೆದು, ಬುಟ್ಟಿಯಲ್ಲಿ ತುಂಬಿ ಹರಿಯುವ ತೊರೆಯಲ್ಲಿ ನೆನೆಹಾಕಿದರೆ ವಿಷವೂ ಕಹಿಯೂ ನೀರಿನಲ್ಲಿ ಇಳಿದುಹೋಗುವುದು. ಈ ಕ್ರಮದಲ್ಲಿ ನೀರಿಗೆ ಎಷ್ಟು ಪ್ರಾಮುಖ್ಯವೋ ಬೆಂಕಿಗೂ ಅಷ್ಟೇ ಪ್ರಾಮುಖ್ಯ. ಒಣಸೌದೆಯಿಲ್ಲದಿದ್ದರೆ ಈ ಅಡುಗೆಯಿಲ್ಲ. ಅಡುಗೆಯಿಲ್ಲದಿದ್ದರೆ ಮಳೆಗಾಡಿನಲ್ಲಿ ವರ್ಷವಿಡೀ ನೆಲಸುವುದು ಬಹು ಕಷ್ಟ. ಮಲೆನಾಡಿನ ಮಳೆಗಾಲದಲ್ಲಿ ಒಲೆ ಹೊತ್ತಿಸಿದವರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

೩

ಈ ಜನರನ್ನು ಕಂಡು ಬರೆದಿಟ್ಟ ಪಾಶ್ಚಾತ್ಯರಲ್ಲಿ ನಾರ್ವೆ ದೇಶದ ಕಾರ್ಲ್ ಲುಂಹೋಲ್ಟ್ಸ್ ಮೊದಲಿಗರಲ್ಲೊಬ್ಬನು. ೧೮೮೨–೮೩ರಲ್ಲಿ ಹರ್ಬರ್ಟ್ ನದಿಯ ಪ್ರಾಂತದಲ್ಲಿ ಇದ್ದು ಅವನು ರಚಿಸಿದ ಗ್ರಂಥ ೧೮೮೯ರಲ್ಲಿ ‘ನರಭಕ್ಷಕರ ನಡುವೆ’ ಎಂಬರ್ಥದ ಹೆಸರಿನಿಂದ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಹೆಸರಿನಲ್ಲಿಯೇ ಆ ಕಾಲದ ಪೂರ್ವಗ್ರಹ ಎದ್ದುಕಾಣುವುದು. ಆದರೂ ಜನರ ನಿತ್ಯಜೀವನದ ವಿವರಗಳು ಅದರಲ್ಲಿ ಹೇರಳವಾಗಿವೆ. ೧೮೮೦ರ ದಶಕದಲ್ಲಿ ಈ ಕಾಡುಗಳಲ್ಲಿ ದಾರಿ ಹುಡುಕುತ್ತ ಅಲೆದ ಕ್ರಿಸ್ಟಿ ಪಾಮರ್ಸ್ಟನ್ ಎಂಬವನ ದಿನಚರಿಗಳಿಂದಲೂ, ೧೮೯೮ರಲ್ಲಿ ಉತ್ತರ ಕ್ವೀನ್ಸ್‌ಲೆಂಡಿನ ಮೂಲನಿವಾಸಿಗಳ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡು ೧೯೦೧ರಿಂದ ಜನಾಂಗ ವಿವರಣೆಯ ಪತ್ರಿಕೆಗಳನ್ನು ಹೊರಡಿಸಿದ ವಾಲ್ಟರ್ ರಾತನ ಬರಹಗಳಿಂದಲೂ ಅನೇಕ ಸಂಗತಿಗಳು ತಿಳಿದುಬರುತ್ತವೆ.

ಈ ಲೇಖಕರ ದೃಷ್ಟಿ ಹೆಚ್ಚಾಗಿ ಬಿದ್ದುದು ಆಯುಧಗಳ ಮೇಲೆ, ಆಭರಣಗಳ ಮೇಲೆ, ಮದುವೆ ಮರಣಗಳ ವಿಧಿಗಳ ಮೇಲೆ. ಕೋಲನ್ನು ಕಡೆದು ಕಿಡಿ ಹುಟ್ಟಿಸುವ ಕೌಶಲವನ್ನು ಕೂಡ ಅವರು ವರ್ಣಿಸಿದ್ದುಂಟು. ಬೆಂಕಿ ಹುಟ್ಟುವುದು ನೋಡುವವರಿಗೆ ಒಂದು ಸೋಜಿಗ. ದಿನದಿನವೂ ಸೌದೆಯನ್ನು ಆಯ್ದು ತರುವುದರಲ್ಲಿ ಅಂಥ ಸೋಜಿಗವೇನೂ ಇಲ್ಲ. ಆದುದರಿಂದ ಆ ಕೆಲಸದ ಹಿಂದಿರುವ ತಿಳಿವಳಿಕೆ, ಎಂದರೆ ಯಾವ ಮರ ತೊಯ್ದರೂ ಉರಿಯುವುದು, ಯಾವುದರ ಕೆಂಡ ಬಹುಹೊತ್ತು ನಿಲ್ಲುವುದು, ಯಾವುದರ ಹೊಗೆ ಕಣ್ಣಿಗೆ ಕೇಡು ಎಂಬ ವಿವೇಕ, ಅವರ ಪುಸ್ತಕಗಳಲ್ಲಿ ಆಯುಧಗಳಿಗೂ ವಿಧಿಗಳಿಗೂ ದೊರೆತ ಮನ್ನಣೆಯನ್ನು ಪಡೆಯಲಿಲ್ಲ. ಪ್ರತಿಯೊಂದು ಮನೆಯಲ್ಲಿಯೂ ಪ್ರತಿದಿನವೂ ನಡೆಯುವುದನ್ನು ಬರೆದಿಡುವವರು ಕಡಮೆ. ನಮ್ಮ ಶಾಸನಗಳಲ್ಲಿಯೂ ದಾನ, ಯುದ್ಧ, ವಂಶಾವಳಿಗಳು ಧಾರಾಳವಾಗಿ ದೊರೆಯುತ್ತವೆ. ಒಲೆಯ ಸುದ್ದಿ ದುರ್ಲಭ.

೪

ಬರಹದಲ್ಲಿ ಅಲ್ಪವಾಗಿ ದೊರೆಯುವುದು ಭಾಷೆಯಲ್ಲಿ ಮತ್ತೊಂದು ಬಗೆಯಾಗಿ ದೊರೆಯಬಹುದು. ಜಿರ್ಬಲ್, ಗಿರಮಯ್, ಮಾಮು, ಙಜನ್ ಮೊದಲಾದ ಪಂಗಡಗಳ ನುಡಿಗಳು ಒಂದೇ ಭಾಷೆಯ ಉಪಭಾಷೆಗಳು. ಆರ್. ಎಂ. ಡಬ್ಲ್ಯೂ. ಡಿಕ್ಸನ್ ಎಂಬ ವಿದ್ವಾಂಸರು ೧೯೬೩ರಿಂದ ಈ ಭಾಷೆಯನ್ನು ಅಭ್ಯಾಸಮಾಡಿ, ೧೯೭೨ರಲ್ಲಿ ಅದರ ವ್ಯಾಕರಣವನ್ನು ಪ್ರಕಟಿಸಿದರು. ಈ ಭಾಷೆಯಲ್ಲಿ ನಾಮಪದಗಳಿಗೆ ನಾಲ್ಕು ವರ್ಗಗಳುಂಟು. ‘ಬಯಿ’ ಎಂಬ ಗುರುತಿನ ಮೊದಲ ವರ್ಗದಲ್ಲಿ ಗಂಡಸರೂ ಬಹುಪಾಲು ಪ್ರಾಣಿಗಳೂ ಸೇರುವರು. ‘ಬಲನ್’ ಎಂಬ ಎರಡನೆಯ ವರ್ಗದಲ್ಲಿ ಹೆಂಗಸರು, ನೀರು, ಬೆಂಕಿ, ಕಾದಾಟಕ್ಕೆ ಸಂಬಂಧಿಸಿದವು ಸೇರುತ್ತವೆ. ‘ಬಲಮ್’ ಎಂಬ ಮೂರನೆಯ ವರ್ಗ ತಿನ್ನಲು ತಕ್ಕ ಹಣ್ಣು, ಕಾಯಿ, ಗೆಡ್ಡೆಗಳಿಗೆ ಮೀಸಲು. ಮಿಕ್ಕ ವಸ್ತುಗಳು ‘ಬಲ’ ಎಂಬ ನಾಲ್ಕನೆಯ ವರ್ಗಕ್ಕೆ ಸಲ್ಲುತ್ತವೆ.

ಬೆಂಕಿಗೆ ಈ ಭಾಷೆಯಲ್ಲಿ ‘ಬುನಿ’ ಎಂದು ಹೆಸರು. ‘ಬಲನ್ ಬುನಿ’ ಎಂದೇ ಹೇಳಬೇಕು. ಸೂರ್ಯನನ್ನು ಈ ಜನರು ಸ್ತ್ರೀಯೆಂದೂ ಚಂದ್ರನನ್ನು ಆಕೆಯ ಗಂಡನೆಂದೂ ಭಾವಿಸುತ್ತಾರೆ. ಸೂರ್ಯನ ಸಂಬಂಧದಿಂದ ಬೆಂಕಿಯೂ ಅದೇ ವರ್ಗಕ್ಕೆ ಸೇರಿತೆಂಬುದು ಡಿಕ್ಸನರ ವಿವರಣೆ. ಕನ್ನಡದಲ್ಲಿ ಬೆಂಕಿ ನಪುಂಸಕ. ಅದನ್ನೇ ಅಗ್ನಿದೇವನೆಂದಾಗ ಪುಲ್ಲಿಂಗ. ಭಾಷೆಯ ಲಿಂಗವಿವಕ್ಷೆಯಲ್ಲಿ ಜನರ ಪುರಾಣವೂ ಅನುಭವವೂ ಹೇಗೆ ನೆಲಸಿರುತ್ತವೆಂಬುದಕ್ಕೆ ಇದೂ ಒಂದು ನಿದರ್ಶನ. ೧೯೮೭ರಲ್ಲಿ ಜಾರ್ಜ್ ಲೇಕಾಫ್ ಎಂಬ ಪಂಡಿತರು ಮಾನವನು ವಸ್ತುಗಳನ್ನು ವರ್ಗೀಕರಿಸುವ ಬಗೆಯನ್ನು ಕುರಿತು ಬರೆದ ಗ್ರಂಥಕ್ಕೆ ಈ ಎರಡನೆಯ ವರ್ಗದಿಂದಲೇ ಹೆಸರನ್ನು ಆರಿಸಿಕೊಂಡರು.

ಪ್ರಕೃತ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟ ಸಂಗತಿ ಇನ್ನೊಂದಿದೆ. ಹಣ್ಣು ಬಿಡುವ ಮರವನ್ನು ಆಹಾರದ ದೃಷ್ಟಿಯಿಂದ ಹೇಳುವಾಗ ‘ಬಲಮ್’ ಎನ್ನುವರು. ಅದೇ ಮರದ ಕಟ್ಟಿಗೆಯನ್ನು ಉರುವಲೇ ಮೊದಲಾದ ಬಳಕೆಯ ದೃಷ್ಟಿಯಿಂದ ಹೇಳುವಾಗ ‘ಬಲ’ ಎನ್ನುವರು. ಮರವೊಂದೇ, ಆದರೆ ಹೊಟ್ಟೆಗೆ ಹಣ್ಣು ಕೊಡುವ ಮರವೂ ಒಲೆಗೆ ಸೌದೆ ಕೊಡುವ ಮರವೂ ನುಡಿಯಲ್ಲಿ ಎರಡು. ಸೌದೆಯೆಂಬುದು ಈ ಜನರಿಗೆ ಕಾಲಿಗೆ ತೊಡರಿದ ಯಾವುದೋ ಕಡ್ಡಿಯಲ್ಲ, ವಿವೇಚಿಸಿ ನೋಡಿದ ವಸ್ತು ಎಂಬುದಕ್ಕೆ ಈ ಭೇದವೇ ಒಂದು ಕುರುಹು. ಆದರೆ ಈ ಕುರುಹೂ ಸ್ಥಿರವಲ್ಲ. ೧೯೮೫ರಲ್ಲಿ ಪ್ರಕಟವಾದ ಆನೆಟ್ ಸ್ಮಿತ್ ಎಂಬವರ ಗ್ರಂಥದಿಂದ, ಹೊಸ ತಲೆಮಾರಿನವರ ಬಾಯಲ್ಲಿ ಈ ವರ್ಗವ್ಯವಸ್ಥೆ ಸರಳಗೊಂಡು ಸಡಿಲವಾಗುತ್ತಿದ್ದುದು ತಿಳಿದುಬಂದಿತು. ನುಡಿ ಮಸುಕಾಗುತ್ತಿರುವಲ್ಲಿ ನೆಲದ ಸಾಕ್ಷ್ಯಕ್ಕೆ ಬೆಲೆ ಹೆಚ್ಚುವುದು.

೫

ಇನ್ನು ಇದ್ದಿಲನ್ನು ಓದುವ ವಿದ್ಯೆಯ ವಿಷಯ. ಗ್ರೀಕ್ ಭಾಷೆಯಲ್ಲಿ ಇದ್ದಿಲಿಗೆ ‘ಆಂಥ್ರಾಕ್ಸ್’ ಎಂದು ಹೆಸರು. ಅದರಿಂದ ಪಾಶ್ಚಾತ್ಯರು ಈ ವಿದ್ಯೆಯನ್ನು ಆಂಥ್ರಕಾಲಜಿ ಎಂದು ಕರೆದರು. ಸಂಸ್ಕೃತದ ‘ಅಂಗಾರ’ವೇ ಕನ್ನಡದಲ್ಲಿ ‘ಇಂಗಳ’ವಾಗಿ ಬಳಕೆಯಲ್ಲಿರುವುದರಿಂದ ನಾವು ಇದನ್ನು ಅಂಗಾರಶಾಸ್ತ್ರವೆಂದು ಕರೆಯಬಹುದು.

ಮರ ಪೂರ್ತಿಯಾಗಿ ಉರಿದರೆ ಬೂದಿಯಾಗುವುದು. ಗಾಳಿ ಸಾಲದೆ ಅರೆಯಾಗಿ ಉರಿದರೆ ಇದ್ದಿಲಾಗುವುದು. ಹೀಗಾದ ಇದ್ದಿಲನ್ನು ಗೆದ್ದಲೂ ಬೂಸ್ಟೂ ತಿನ್ನಲಾರವು. ಒಳಗಿನ ರಚನೆಯಾದರೋ ಬಹುಮಟ್ಟಿಗೆ ಮೊದಲಿದ್ದಂತೆಯೇ ಉಳಿಯುವುದು. ಶೋಧಕನು ಅಗೆದ ಮಣ್ಣನ್ನು ಜರಡಿಯಾಡಿ ತುಣುಕುಗಳನ್ನು ಬೇರ್ಪಡಿಸುವನು. ಒಂದೊಂದನ್ನೂ ಕೈಯಿಂದ ಮುರಿದು, ಅಡ್ಡಸೀಳು, ಕಿರಣಸೀಳು, ಸ್ಪರ್ಶಸೀಳು ಎಂಬ ಮೂರು ಮುಖಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವನು. ನೀರೇರುವ ಕೊಳವೆಗಳು ಒಂಟಿಯೋ ಗುಂಪೋ, ಕಿರಣಗಳು ಅಗಲವೋ ಕಿರಿದೋ, ಮೃದುವಾದ ಜೀವಕೋಶಗಳು ಪಟ್ಟೆಗಳಾಗಿವೆಯೋ ಚದರಿವೆಯೋ ಎಂಬುದರಿಂದ ಮರದ ಕುಲ ಗೊತ್ತಾಗುವುದು. ನಮ್ಮಲ್ಲಿ ನೀಲಗಿರಿಯೆಂದು ಹೆಸರಾದ ಯೂಕಲಿಪ್ಟಸ್ ಕುಲದಲ್ಲಿ ಕೊಳವೆಗಳು ಬಹುಮಟ್ಟಿಗೆ ಒಂಟೊಂಟಿಯಾಗಿ ಓರೆಸಾಲಿನಲ್ಲಿ ನಿಲ್ಲುತ್ತವೆ. ಅತ್ತಿಯ ಕುಲದಲ್ಲಿ ಮೃದುಕೋಶಗಳ ಅಗಲವಾದ ಪಟ್ಟೆಗಳು ಕಾಣುತ್ತವೆ. ಪೈನ್ ಮೊದಲಾದ ಸೂಚಿಪರ್ಣಿ ವೃಕ್ಷಗಳಲ್ಲಿ ಇಂಥ ಕೊಳವೆಗಳೇ ಇರುವುದಿಲ್ಲ. ಲಿಪಿಶಾಸ್ತ್ರಜ್ಞನು ಅಕ್ಷರದ ತಲೆಕಟ್ಟನ್ನೂ ಬಾಗುಬಳುಕನ್ನೂ ನೋಡಿ ಶಾಸನದ ಕಾಲವನ್ನು ಊಹಿಸುವಂತೆಯೇ ಇದೂ ಒಂದು ಅಕ್ಷರಾಭ್ಯಾಸ. ಹೋಲಿಸಿ ನೋಡಲು ಗೊತ್ತಾದ ಮರಗಳಿಂದ ಮಾಡಿದ ಇದ್ದಿಲಿನ ಸಂಗ್ರಹವೊಂದು ಕೈಯಲ್ಲಿರಬೇಕು. ಸಾವಿರಾರು ಜಾತಿಯ ಸಸ್ಯಗಳಿರುವ ಮಳೆಗಾಡಿನಲ್ಲಿ ಇಂಥ ಸಂಗ್ರಹವನ್ನು ಸಿದ್ಧಪಡಿಸುವುದೇ ದೊಡ್ಡ ಕೆಲಸ; ಅನೇಕ ವೇಳೆ ಕುಲ ಅಥವಾ ಕುಟುಂಬದವರೆಗೆ ಮಾತ್ರ ಗುರುತಿಸಲು ಸಾಧ್ಯ.

ಮರದ ಹೆಸರಿನ ಜೊತೆಗೆ ಅದರ ಸ್ಥಿತಿಯೂ ಕೆಲವೊಮ್ಮೆ ತಿಳಿಯುವುದು. ಕೋಶಗಳೊಳಗೆ ಬೂಸ್ಟಿನ ಎಳೆಗಳಿದ್ದರೆ ಕಟ್ಟಿಗೆ ಬಿದ್ದು ಕೊಳೆಯತೊಡಗಿದ್ದಿತೆಂದು ತಿಳಿಯಬಹುದು. ಕಿರಣಗಳು ಒಂದನ್ನೊಂದು ಸಮೀಪಿಸಿದ್ದರೆ ಅದು ಸಣ್ಣ ರೆಂಬೆ, ಸಮಾನಾಂತರವಾಗಿದ್ದರೆ ದೊಡ್ಡ ಕಾಂಡ. ಹೀಗೆ ಮರ ಕಡಿದರೋ, ಬಿದ್ದ ಪುಳ್ಳೆಗಳನ್ನು ಆಯ್ದರೋ ಎಂಬ ಪ್ರಶ್ನೆಗೂ ಕೆಲಮಟ್ಟಿಗೆ ಉತ್ತರ ಸಿಕ್ಕುತ್ತದೆ.

೧೯೪೯ರಲ್ಲಿ ವಿಲರ್ಡ್ ಲಿಬ್ಬಿ ಎಂಬ ರಸಾಯನಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ ವಿಕಿರಣಶೀಲ ಇಂಗಾಲದಿಂದ ಕಾಲವನ್ನಳೆಯುವ ಕ್ರಮವನ್ನು ಪ್ರಕಟಿಸಿದ ಮೇಲೆ ಇದ್ದಿಲಿಗೆ ಎಲ್ಲ ಕಡೆಯಲ್ಲಿಯೂ ಬೇಡಿಕೆಯುಂಟಾಯಿತು. ಆದರೆ ಅಳೆಯುವ ಕ್ರಮದಲ್ಲಿ ತುಣುಕು ನಾಶವಾಗುವುದು. ಅದು ಯಾವ ಮರದ್ದೆಂಬುದನ್ನು ಎಷ್ಟೋ ಸಲ ಯಾರೂ ನೋಡಿರುವುದಿಲ್ಲ. ಓಲೆಯ ಕಾಲವನ್ನು ತಿಳಿಯಲೆಂದು ಓದದೆಯೇ ಓಲೆಯನ್ನು ಸುಟ್ಟಂತೆ ಆಯಿತು ಇದು. ಇದರಿಂದ ಕಾಲನಿರ್ಣಯಕ್ಕೂ ಹಾನಿ. ನೂರಾರು ವರ್ಷ ಬೆಳೆದ ಮರದ ತಿರುಳು ಒಲೆಗೆ ಬಿದ್ದರೆ, ಅಳತೆ ತೋರಿಸುವುದು ತಿರುಳು ಬೆಳೆದ ಕಾಲವನ್ನು, ಒಲೆ ಉರಿದ ಕಾಲವನ್ನಲ್ಲ. ಓಷಿಯಾನಿಯದ ಪ್ರಾಕ್ತನಶಾಸ್ತ್ರದಲ್ಲಿ ಅಂಗಾರಶಾಸ್ತ್ರದ ಸ್ಥಿತಿಯನ್ನು ೨೦೧೫ರಲ್ಲಿ ವಿಮರ್ಶಿಸಿದ ಎಮಿಲಿ ಡಾಟ್-ಸರೂ ಮೊದಲಾದವರು ತಮ್ಮ ಲೇಖನಕ್ಕೆ ಇದ್ದಿಲು ಬರಿಯ ಇಂಗಾಲವಲ್ಲವೆಂಬರ್ಥದ ತಲೆಬರಹವನ್ನು ಕೊಟ್ಟುದು ಈ ಕಾರಣದಿಂದಲೇ.

೬

ಮಳೆಗಾಡಿನ ಪ್ರಾಕ್ತನಶೋಧನೆಗೆ ಈಗ ಬರೋಣ. ನಿಕಿ ಹಾರ್ಸ್‌ಫಾಲ್ ಎಂಬವರು ರಸ್ಸೆಲ್ ನದಿಯ ಬಳಿಯ ಜಿಯರ್ ಗುಹೆಯನ್ನು ಅಗೆದು, ೧೯೮೭ರಲ್ಲಿ ಜೇಮ್ಸ್ ಕುಕ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವನ್ನು ಒಪ್ಪಿಸಿದರು. ಅಲ್ಲಿ ಸುಮಾರು ೫೦೦೦ ವರ್ಷಗಳ ಹಿಂದೆಯೇ ಜನರು ತಂಗಿದ್ದರೆಂದು ಇದರಿಂದ ಸಿದ್ಧವಾಯಿತು. ಆಮೇಲೆ ರಿಚರ್ಡ್ ಕಾಸ್‌ಗ್ರೋವ್, ಜೂಡಿತ್ ಫೀಲ್ಡ್, ಓಸಾ ಫೆರಿಯರ್ ಎಂಬ ವಿದ್ವಾಂಸರು ಎತ್ತರದ ಪ್ರಸ್ಥಭೂಮಿಯಲ್ಲಿ ಅಗೆತವನ್ನು ನಡೆಸಿ, ೨೦೦೭ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಜಿರ್ಬಲ್ ಜನರ ನಾಡಿನಲ್ಲಿರುವ ಉರುಂಬಲ್ ಪಾಕೆಟ್ ಎಂಬ ಸ್ಥಳದಲ್ಲಿ ಸುಮಾರು ೮೦೦೦ ವರ್ಷಗಳ ಹಿಂದಿನಿಂದ ಮನುಷ್ಯರ ಕುರುಹುಗಳು ಕಂಡುಬಂದವು. ಮೊದಲು ಈ ಕುರುಹುಗಳು ವಿರಳ. ಸುಮಾರು ೨೦೦೦ ವರ್ಷಗಳಿಂದೀಚೆಗೆ ಕಲ್ಲಿನ ಚೂರುಗಳೂ ಸುಟ್ಟ ಬೀಜದ ಸಿಪ್ಪೆಗಳೂ ಹೆಚ್ಚಿಬರುತ್ತವೆ. ಫೆರಿಯರ್ ಅವರು ಹಿರಿಯ ಜಿರ್ಬಲ್ ಜನರ ಜ್ಞಾನವನ್ನೂ ಹಳೆಯ ದಾಖಲೆಗಳನ್ನೂ ಈ ನೆಲದ ಸಾಕ್ಷ್ಯದೊಡನೆ ಹೊಂದಿಸಿ ೨೦೧೫ರಲ್ಲಿ ಒಂದು ಗ್ರಂಥವನ್ನು ಹೊರತಂದಿರುವರು.

ಸುಟ್ಟ ಸಿಪ್ಪೆಯೂ ಒಂದು ಬಗೆಯ ಇದ್ದಿಲೇ. ಅದರ ಸಾಕ್ಷ್ಯ ವಿಶೇಷವಾಗಿ ಬಲವಾದುದು. ಮೊದಲನೆಯದಾಗಿ, ಸಿಪ್ಪೆ ಒಂದೇ ಋತುವಿನಲ್ಲಿ ಬೆಳೆದದ್ದು. ಆದುದರಿಂದ ಹಳೆಯ ತಿರುಳಿನ ತೊಡಕು ಅದಕ್ಕಿಲ್ಲ. ಎರಡನೆಯದಾಗಿ, ವಿಷದ ಬೀಜದ ಸಿಪ್ಪೆ ಕಲ್ಲಿನ ಉಪಕರಣಗಳ ಜೊತೆಯಲ್ಲಿ ರಾಶಿರಾಶಿಯಾಗಿ ಸುಟ್ಟು ಬಿದ್ದಿದ್ದರೆ ಅದು ಕಾಡ್ಗಿಚ್ಚಿನ ಕೆಲಸವೆಂದು ಹೇಳಲಾಗದು. ಅಲ್ಲಿ ಒಬ್ಬರು ಕುಳಿತು ಬೀಜವನ್ನು ಹುರಿದರು, ಒಡೆದರು. ಮೂರನೆಯದಾಗಿ, ಅಷ್ಟು ಬೀಜವನ್ನು ಹುರಿಯಲು ಅದಕ್ಕೆ ತಕ್ಕಷ್ಟು ಸೌದೆ ಬೇಕು. ಆದುದರಿಂದ ಬೀಜದ ಬಳಕೆ ಹೆಚ್ಚಿದ ಕಾಲದಲ್ಲಿ ಉರುವಲಿನ ಅವಶ್ಯಕತೆಯೂ ಹೆಚ್ಚಿತೆಂದು ಊಹಿಸುವುದು ನ್ಯಾಯ. ಸಿಪ್ಪೆ ಊಟವನ್ನು ಹೇಳಿದರೆ, ಅದರ ಪಕ್ಕದ ಕಟ್ಟಿಗೆಯ ಇದ್ದಿಲು ಆ ಊಟದ ಹಿಂದಿನ ದುಡಿಮೆಯನ್ನು ಹೇಳುವುದು.

೭

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕು. ಇದ್ದಿಲಿನ ವಿಚಾರ ಆಸ್ಟ್ರೇಲಿಯದಲ್ಲಿ ಹೊಸದಲ್ಲವಲ್ಲ, ಮೂಲನಿವಾಸಿಗಳ ಬೆಂಕಿಯನ್ನು ಕುರಿತು ಬೇಕಾದಷ್ಟು ಚರ್ಚೆ ನಡೆದಿಲ್ಲವೇ ಎಂದು ಕೇಳಬಹುದು. ನಿಜ. ಆದರೆ ಆ ಚರ್ಚೆ ಬೇರೊಂದು ಬೆಂಕಿಯನ್ನು ಕುರಿತದ್ದು. ಆಥರ್ಟನ್ ಪ್ರಸ್ಥಭೂಮಿಯ ಲಿಂಚ್ಸ್ ಕ್ರೇಟರ್ ಎಂಬ ಹಳೆಯ ಜ್ವಾಲಾಮುಖಿಯ ಬಾಯಲ್ಲಿ ಕೂಡಿದ ಕೆಸರಿನಿಂದ ಪೀಟರ್ ಕರ್ಷಾ ಎಂಬ ವಿದ್ವಾಂಸರು ಪರಾಗವನ್ನೂ ಸೂಕ್ಷ್ಮವಾದ ಇದ್ದಿಲಿನ ಕಣಗಳನ್ನೂ ಎಣಿಸಿದರು. ಸುಮಾರು ೩೮೦೦೦ ವರ್ಷಗಳ ಹಿಂದೆ ಇದ್ದಿಲು ಒಮ್ಮೆಲೇ ಹೆಚ್ಚಿ, ಮಳೆಗಾಡಿನ ಸೂಚಿಪರ್ಣಿ ವೃಕ್ಷಗಳು ಕುಗ್ಗಿದುದನ್ನು ಅವರು ತೋರಿಸಿ, ಇದಕ್ಕೆ ಮನುಷ್ಯರು ಹಚ್ಚಿದ ಬೆಂಕಿ ಕಾರಣವಿರಬೇಕೆಂದು ೧೯೮೬ರಲ್ಲಿ ವಾದಿಸಿದರು. ೨೦೦೧ರ ಪರಿಷ್ಕಾರದಲ್ಲಿ ಈ ಕಾಲ ಸುಮಾರು ೪೫೦೦೦ ವರ್ಷಗಳಿಗೆ ಹಿಂದೆ ಸರಿಯಿತು. ೨೦೧೨ರಲ್ಲಾದರೋ ಅದೇ ಕೆಸರನ್ನು ಪರೀಕ್ಷಿಸಿದ ಶೋಧಕರು, ಸಗಣಿಯಲ್ಲಿ ಬೆಳೆಯುವ ಬೂಸ್ಟಿನ ಬೀಜಾಣುಗಳ ಆಧಾರದಿಂದ, ದೊಡ್ಡ ಸಸ್ಯಾಹಾರಿ ಮೃಗಗಳು ಅಳಿದ ಮೇಲೆ ಬೆಂಕಿ ಹೆಚ್ಚಿತೆಂದು ನಿರ್ಣಯಿಸಿದರು. ಮೇಯುವವರಿಲ್ಲದೆ ಒಣಗಿದ ಸಸ್ಯರಾಶಿಯೇ ಬೆಂಕಿಗೆ ಆಹಾರವಾಯಿತೆಂಬುದು ಅವರ ವಾದ.

ಇದರಿಂದ ತಿಳಿಯುವುದೇನೆಂದರೆ, ಕೆರೆಯ ಕೆಸರಿನ ಇದ್ದಿಲು ಬೆಂಕಿಯಿದ್ದಿತೆಂದು ಹೇಳಬಲ್ಲುದೇ ಹೊರತು ಅದನ್ನು ಹಚ್ಚಿದವರು ಯಾರೆಂದು ಹೇಳಲಾರದು. ಮಿಂಚು ಹಚ್ಚಿದ್ದೂ ಮನುಷ್ಯ ಹಚ್ಚಿದ್ದೂ ಅಲ್ಲಿ ಒಂದೇ ಕಪ್ಪು. ಎಂ. ಎಸ್. ಹಾಪ್ಕಿನ್ಸ್ ಮೊದಲಾದವರು ೧೯೯೩ರಲ್ಲಿ ಪ್ರಕಟಿಸಿದ ಶೋಧನೆಯೂ ಈ ದೃಷ್ಟಿಯಿಂದ ಪರಿಶೀಲನಾರ್ಹ. ಈಗ ದಟ್ಟವಾದ ಮಳೆಗಾಡಿರುವ ನೆಲದ ಮಣ್ಣಿನಲ್ಲಿ ಅವರಿಗೆ ಯೂಕಲಿಪ್ಟಸ್ ಇದ್ದಿಲು ದೊರೆಯಿತು. ಹಿಮಯುಗದ ಕಡೆಗಾಲದ ಒಣಹವೆಯಲ್ಲಿ ಮಳೆಗಾಡು ಕುಗ್ಗಿ ಅದರ ಸ್ಥಳದಲ್ಲಿ ಯೂಕಲಿಪ್ಟಸ್ ಕಾಡು ಹಬ್ಬಿದ್ದಿತೆಂದೂ, ಹವೆ ಬದಲಾದ ಮೇಲೆ ಮಳೆಗಾಡು ಮರಳಿ ಬಂದಿತೆಂದೂ ಇದರಿಂದ ಸ್ಪಷ್ಟವಾಯಿತು. ಇಲ್ಲಿ ತುಣುಕಿನ ಮರವನ್ನು ಗುರುತಿಸಿದುದರಿಂದಲೇ ಕಾಡಿನ ಚರಿತ್ರೆ ತಿಳಿದುದು.

೧೯೬೯ರಲ್ಲಿ ರೈಸ್ ಜೋನ್ಸ್ ಎಂಬ ವಿದ್ವಾಂಸರು ಮೂಲನಿವಾಸಿಗಳು ನೆಲವನ್ನು ಸುಟ್ಟು ಹಸನುಗೊಳಿಸುವುದನ್ನು ‘ಕೊಳ್ಳಿಯ ಬೇಸಾಯ’ವೆಂಬರ್ಥದ ಪದದಿಂದ ಕರೆದಂದಿನಿಂದ, ಮೂಲನಿವಾಸಿಗಳ ಬೆಂಕಿಯೆಂದರೆ ಬಯಲನ್ನು ಸುಡುವ ದೊಡ್ಡ ಬೆಂಕಿಯೆಂಬ ಭಾವನೆ ರೂಢವಾಯಿತು. ಮಳೆಗಾಡಿನವರೂ ಕಾಡಿನ ಅಂಚನ್ನೂ ನಡುನಡುವಿನ ತೆರಪುಗಳನ್ನೂ ಬೆಂಕಿಯಿಂದ ತೆರೆದಿಟ್ಟುಕೊಂಡಿದ್ದರು. ಆ ಬೆಂಕಿ ನಿಂತಮೇಲೆ ಅಂಚಿನ ಎತ್ತರದ ಯೂಕಲಿಪ್ಟಸ್ ಕಾಡನ್ನು ಮಳೆಗಾಡು ಆಕ್ರಮಿಸುತ್ತ ಬಂದಿದೆ. ಆದರೆ ತೊಯ್ದ ಕಾಡಿನೊಳಗೆ ದಿನದಿನವೂ ಜೀವವನ್ನು ಕಾಪಾಡಿದ್ದು ಸಣ್ಣ ಬೆಂಕಿ, ಮೂರು ಕೊಳ್ಳಿಯ ಒಲೆ. ಸಣ್ಣ ಬೆಂಕಿಯ ಇದ್ದಿಲಿನಲ್ಲಿ ಕರ್ತೃವಿನ ಸಂಶಯವಿಲ್ಲ. ಕಲ್ಲಿನ ಉಪಕರಣಗಳ ನಡುವೆ, ಬಿಸಿಗೆ ಒಡೆದ ಕಲ್ಲುಗಳ ಮಗ್ಗುಲಲ್ಲಿ ಇರುವ ಇದ್ದಿಲನ್ನು ಮನುಷ್ಯನ ಕೈಯೇ ಅಲ್ಲಿಗೆ ತಂದಿತು.

೮

ಈ ವಿದ್ಯೆಗೂ ಅದರದೇ ಆದ ಎಚ್ಚರಗಳುಂಟು. ಜನರು ಹತ್ತಿರದಲ್ಲಿ ಹೇರಳವಾಗಿ ಸಿಕ್ಕುವ ಕಟ್ಟಿಗೆಯನ್ನೇ ಸುಡುವರಾದುದರಿಂದ ಒಲೆಯ ಇದ್ದಿಲು ಸುತ್ತಣ ಕಾಡಿನ ಪ್ರತಿಬಿಂಬವೆಂದು ಕೆಲವರ ಮತ. ಜನರಿಗೆ ಇಷ್ಟಾನಿಷ್ಟಗಳಿರುವುದರಿಂದ, ಕೆಲವು ಮರಗಳನ್ನು ಸುಡಬಾರದೆಂಬ ನಿಯಮಗಳೂ ಇರಬಹುದಾದುದರಿಂದ, ಅದು ಆಯ್ಕೆಯ ಪ್ರತಿಬಿಂಬವೆಂದು ಇತರರ ಮತ. ಎರಡೂ ಭಾಗಶಃ ಸರಿ. ಆದುದರಿಂದ ಒಂದೇ ಒಲೆಯ ಇದ್ದಿಲನ್ನೂ ಬಿಡಾರದ ನೆಲದಲ್ಲೆಲ್ಲ ಚದರಿದ ಇದ್ದಿಲನ್ನೂ ಬೇರೆ ಬೇರೆಯಾಗಿ ಓದಬೇಕೆಂದು ಫ್ರಾನ್ಸಿನ ಅಂಗಾರಶಾಸ್ತ್ರಜ್ಞರು ವಿಧಿಸಿರುವರು. ಒಲೆಯದು ಕಡೆಯ ಒಂದೆರಡು ದಿನಗಳ ಕಥೆ; ಚದರಿದ್ದು ಅನೇಕ ವರ್ಷಗಳ ಸೌದೆಯ ಮೊತ್ತ. ಕೆರೆಯ ಪರಾಗ ಅದೇ ಕಾಲದಲ್ಲಿ ಸ್ಥಳದ ಕಾಡು ಹೇಗಿದ್ದಿತೆಂದು ತಿಳಿಸುವುದು. ಈ ಮೂರನ್ನೂ ಜೊತೆಯಿಟ್ಟು ನೋಡಿದರೆ ಕಾಡಿನಲ್ಲಿ ಇದ್ದುದಾವುದು, ಜನರು ಆರಿಸಿದುದಾವುದು ಎಂಬ ಭೇದ ತೋರುವುದು. ಸುತ್ತಲೂ ಮಳೆಗಾಡೇ ಇದ್ದ ಕಾಲದ ಒಲೆಯಲ್ಲಿ ಯೂಕಲಿಪ್ಟಸ್ ಇದ್ದಿಲು ಸಿಕ್ಕಿದರೆ, ಹತ್ತಿರದಲ್ಲಿ ತೆರಪೊಂದಿದ್ದಿತೆಂದೋ, ದೂರದ ಅಂಚಿನಿಂದ ಒಬ್ಬರು ಹೊತ್ತುತಂದರೆಂದೋ ಹೇಳಬೇಕಾಗುವುದು. ಯಾವ ಮರದ ಕೆಂಡ ಯಾವ ಅಡುಗೆಗೆ ತಕ್ಕುದೆಂಬ ಪ್ರಶ್ನೆಗಾದರೋ ಸೂಕ್ಷ್ಮದರ್ಶಕದಲ್ಲಿ ಉತ್ತರವಿಲ್ಲ. ಅದನ್ನು ಆ ಜನರ ಹಿರಿಯರನ್ನೇ ಕೇಳಿ ಕಲಿಯಬೇಕು.

ಅವರನ್ನು ಕೇಳುವ ಅವಕಾಶವೇ ಒಮ್ಮೆ ತಪ್ಪಿಹೋಗುವುದರಲ್ಲಿದ್ದಿತು. ೧೮೮೦ರಲ್ಲಿ ಹರ್ಬರ್ಟನ್ನಿನಲ್ಲಿ ತವರದ ಗಣಿಗಳು ತೆರೆದ ಮೇಲೆ ಗಣಿಗಾರರೂ ಮರ ಕಡಿಯುವವರೂ ರೈತರೂ ಈ ಕಾಡಿಗೆ ನುಗ್ಗಿದರು. ಘರ್ಷಣೆಯಲ್ಲಿ ಅನೇಕರು ಹತರಾದರು. ೧೮೯೭ರ ಶಾಸನದಿಂದ ಮೂಲನಿವಾಸಿಗಳನ್ನು ಬಲವಂತವಾಗಿ ಸ್ಥಳಾಂತರಿಸುವ ಅಧಿಕಾರ ಸರ್ಕಾರಕ್ಕೆ ಬಂದಿತು. ೧೯೧೪ರಲ್ಲಿ ಹಲ್ ನದಿಯ ಬಳಿ ಅವರಿಗಾಗಿ ಒಂದು ವಸತಿಯನ್ನು ಸ್ಥಾಪಿಸಲಾಯಿತು. ೧೯೧೮ರ ಮಾರ್ಚ್ ೧೦ರ ಚಂಡಮಾರುತದಲ್ಲಿ ಅದು ನಾಶವಾಗಲು, ಬದುಕಿ ಉಳಿದವರಲ್ಲಿ ಅನೇಕರನ್ನು ಪಾಮ್ ದ್ವೀಪಕ್ಕೆ ಸಾಗಿಸಲಾಯಿತು. ಕಾಡಿನ ಒಲೆಗಳಲ್ಲಿ ಬಹುಮಟ್ಟಿಗೆ ಬೆಂಕಿ ಆರಿತು. ಆಮೇಲೆ ಬಂದವರು ಜನರಿಲ್ಲದ ಕಾಡನ್ನು ಕಂಡು, ಅದು ಎಂದೂ ಜನರಿಲ್ಲದ ಕಾಡೇ ಎಂದು ಬಗೆದರು. ೧೯೮೮ರಲ್ಲಿ ವಿಶ್ವಪರಂಪರೆಯ ಗೌರವ ದೊರೆತುದು ಕೂಡ ಪ್ರಕೃತಿಯ ಗುಣಗಳನ್ನು ಮಾತ್ರ ಗಣಿಸಿ. ಈ ಜನರು ಮಳೆಗಾಡಿನಲ್ಲಿ ಬಾಳಿದ ರೀತಿಯನ್ನೂ ವಿಷದ ಬೀಜಗಳನ್ನು ಆಹಾರವಾಗಿಸಿದ ವಿದ್ಯೆಯನ್ನೂ ಆಸ್ಟ್ರೇಲಿಯದ ರಾಷ್ಟ್ರೀಯ ಪರಂಪರೆಯ ಪಟ್ಟಿಯಲ್ಲಿ ಮನ್ನಿಸಿದುದು ೨೦೧೨ರ ನವೆಂಬರಿನಲ್ಲಿ. ಡೇಂಟ್ರಿಯ ರಾಷ್ಟ್ರೀಯ ಉದ್ಯಾನದ ಒಡೆತನ ಪೂರ್ವ ಕುಕು ಯಲಂಜಿ ಜನರಿಗೆ ಮರಳಿದುದು ೨೦೨೧ರ ಸೆಪ್ಟೆಂಬರಿನಲ್ಲಿ. ‘ನಾವು ಇಲ್ಲಿ ಇದ್ದೆವು’ ಎಂದು ಹೇಳಬೇಕಾಗಿ ಬಂದ ಜನರ ಪರವಾಗಿ, ೮೦೦೦ ವರ್ಷಗಳ ನೆಲದಲ್ಲಿ ಅಡಗಿರುವ ಒಲೆಯ ಇದ್ದಿಲು ನುಡಿಯುವ ಸಾಕ್ಷ್ಯ ಅಲ್ಪವಾದುದಲ್ಲ.

ಕನ್ನಡನಾಡಿನ ವಿದ್ವಾಂಸರಿಗೂ ಈ ವಿದ್ಯೆ ದೂರದ್ದಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನ ನೂತನ ಶಿಲಾಯುಗದ ನೆಲೆಗಳಿಂದ ಸಂಗ್ರಹಿಸಿದ ಮರದ ಇದ್ದಿಲನ್ನು ಎಲೆನಿ ಅಸೂಟಿ, ಡೋರಿಯನ್ ಫುಲ್ಲರ್ ಎಂಬ ವಿದ್ವಾಂಸರು ಪರೀಕ್ಷಿಸಿ, ದಕ್ಷಿಣ ಭಾರತದ ಮರಗಳನ್ನೂ ಕಾಡುಗಳನ್ನೂ ಕುರಿತ ಗ್ರಂಥವನ್ನು ೨೦೦೮ರಲ್ಲಿ ಪ್ರಕಟಿಸಿರುವರು. ನಮ್ಮ ಬೂದಿದಿಬ್ಬಗಳನ್ನೂ ಹಳೆಯ ಊರುಗಳನ್ನೂ ಅಗೆಯುವವರು ಕರಿಯ ತುಣುಕನ್ನು ಕಾಲನಿರ್ಣಯಕ್ಕೆ ಕಳುಹಿಸುವ ಮುನ್ನ ಅದು ಯಾವ ಮರದ್ದೆಂದು ಒಮ್ಮೆ ನೋಡುವುದು ಒಳ್ಳೆಯದು. ಅರಸರ ಮಾತನ್ನು ಕಲ್ಲಿನಲ್ಲಿ ಓದಲು ನಾವು ಕಲಿತೆವು. ಸೌದೆ ಹೊತ್ತವರ ಮಾತು ಇದ್ದಿಲಿನಲ್ಲಿದೆ. ಅದನ್ನೂ ಓದಲು ಕಲಿಯಬೇಕಾಗಿದೆ.